ದೊಡ್ಡ ಕಹಳೆ ಊದುವವನ ಮನೆಗೆ ಹೋದ ದಿನ

ಘಟ್ಟ ಹತ್ತಿ ಬೇಕರಿ, ಹೋಟೆಲು ಹಾಕಿದ ನಮ್ಮ ಬ್ಯಾರಿಗಳು ರಾಜ್ಯದ ಯಾವ ಮೂಲೆಗೆ ಹೋದರೂ ಸಿಗುತ್ತಾರೆ. ಹಾಗೆ ಕೋಲಾರದ ಕಡೆ ನೆಲೆಸಿದ ಕೆಲವು ಮನೆಗಳ ಮಕ್ಕಳಿಗೆ ಕಲಿಸಲೆಂದು ನಾನು ಕೆಲವು ವರ್ಷ ಮಾಲೂರಿನಲ್ಲಿದ್ದೆ. ನಮ್ಮ ಮಕ್ಕಳ ಜೊತೆ ಅಲ್ಲಿಯ ಉರ್ದು ಮಾತಾಡುವ ಮನೆಗಳ ಮಕ್ಕಳೂ ಮದ್ರಸಕ್ಕೆ ಬರುತ್ತಿದ್ದರು. ನಮ್ಮವರು 'ಉಸ್ತಾದ್' ಎಂದು ಕರೆದರೆ ಅವರು 'ಹಜ್ರತ್' ಎಂದು ಕರೆಯುತ್ತಿದ್ದರು.

ಒಂದು ದಿನ ಪಾಠದ ನಡುವೆ ವಾದ್ಯಗಳ ವಿಷಯ ಬಂತು. ದಫ್‌ಗೆ ಅನುಮತಿ ಇದೆ, ಊದುವ ವಾದ್ಯಕ್ಕೂ ತಂತಿ ವಾದ್ಯಕ್ಕೂ ಇಲ್ಲ ಎಂದು ನಾನು ಓದಿದ ಕಿತಾಬುಗಳಲ್ಲಿ ಇದ್ದದ್ದನ್ನು ಹೇಳಿದೆ. ಹತ್ತು ವರ್ಷದ ಒಬ್ಬ ಹುಡುಗ ಎದ್ದು ನಿಂತ. "ಹಜ್ರತ್, ನಮ್ಮ ಅಬ್ಬಾ ಬ್ಯಾಂಡ್‌ನಲ್ಲಿ ದೊಡ್ಡ ಕಹಳೆ ಊದ್ತಾರೆ. ಅದೂ ಹರಾಮಾ?"

ಮಸ್‌ಅಲ ಹೇಳಿ ಸುಮ್ಮನಾಗಿದ್ದರೆ ಆಗಿತ್ತು. ನಾನು ಒಂದು ಮಾತು ಹೆಚ್ಚು ಹೇಳಿಬಿಟ್ಟೆ. "ಹೌದು, ಆ ದುಡ್ಡಿನಲ್ಲಿ ತಂದ ಅನ್ನದಲ್ಲಿ ಬರ್ಕತ್ತ್ ಇರೋದಿಲ್ಲ" ಅಂದೆ. ಹಿಂದಿನ ಸಾಲಿನ ಮಕ್ಕಳು ನಕ್ಕರು. ಒಬ್ಬ ಕೆನ್ನೆ ಉಬ್ಬಿಸಿ 'ಭೋಂ' ಅಂದ. ಹುಡುಗ ಕೂತುಕೊಂಡ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಎಂಟು ದಿನ ಕಳೆದ ಮೇಲೆ ಅಸರ್ ನಮಾಝ್ ಮುಗಿಸಿ ಅವನ ಮನೆ ಹುಡುಕಿಕೊಂಡು ಹೊರಟೆ. ಆ ಸಂಜೆ ನಾನು ಕಲಿತದ್ದನ್ನು ಇಷ್ಟು ವರ್ಷದ ಮೇಲೆ ಈ ಪುಟದ ಓದುಗರ ಜೊತೆ ಹಂಚಿಕೊಳ್ಳಬೇಕು ಅನ್ನಿಸಿದೆ. ಮದುವೆ ಸೀಸನ್ ಬಂದಾಗಲೆಲ್ಲ ನನಗೆ ಆ ಮನೆ ನೆನಪಾಗುತ್ತದೆ.

ಮೂಲೆಯಲ್ಲಿ ಕೂತ ಹಿತ್ತಾಳೆ

ನಮಗೆ ಮಂಗಳೂರು ಹೆಂಚು ಹೇಗೋ, ಆ ಕಡೆಯವರಿಗೆ ಮಾಲೂರಿನ ಇಟ್ಟಿಗೆ, ಹೆಂಚು ಹಾಗೆ. ಊರ ಹೊರಗೆ ಹೋದರೆ ಇಟ್ಟಿಗೆ ಗೂಡುಗಳ ಹೊಗೆ ಕಾಣುತ್ತದೆ. ಹುಡುಗನ ಮನೆ ಆ ಕಡೆಗಿತ್ತು. ತಗಡಿನ ಮಾಡು, ಒಂದು ಕೋಣೆ, ಒಂದು ಅಡುಗೆಮನೆ. ತಂದೆ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಇಟ್ಟಿಗೆ ಲೋಡು ಮಾಡುವ ಕೆಲಸ. ಕೈಬೆರಳ ಗೆರೆಗಳಲ್ಲಿ ಕೆಂಪು ಮಣ್ಣು ಕೂತಿತ್ತು.

ಬೈಯುತ್ತಾರೆ ಅಂತ ಹೆದರಿಕೊಂಡೇ ಹೋಗಿದ್ದೆ. ಅವರು ಬೈಯಲಿಲ್ಲ. "ಬನ್ನಿ ಹಜ್ರತ್, ಕೂತ್ಕೊಳ್ಳಿ" ಅಂದು ಚಾಪೆ ಹಾಸಿದರು. ಚಹಾ ಬಂತು. ಮೂಲೆಯಲ್ಲಿ ಹಳೆ ಬೆಡ್‌ಶೀಟ್ ಹೊದ್ದು ಒಂದು ಮಗು ಕೂತ ಹಾಗೆ ಏನೋ ಇತ್ತು. ನನ್ನ ಕಣ್ಣು ಅತ್ತ ಹೋದದ್ದು ನೋಡಿ ಅವರೇ ಬೆಡ್‌ಶೀಟ್ ತೆಗೆದರು.

"ಇದೇ ನೋಡಿ ಹಜ್ರತ್, ನನ್ನ ಮಗ ಹೇಳಿದ ದೊಡ್ಡ ಕಹಳೆ. ಯೂಫೋನಿಯಂ ಅಂತಾರೆ."

ಆಮೇಲೆ ಅವರು ಹೇಳಿದ ಮಾತು ನನ್ನನ್ನು ತಲೆತಗ್ಗಿಸುವಂತೆ ಮಾಡಿತು. ಅವರು ಬ್ಯಾಂಡ್‌ನಿಂದ ಹೊಟ್ಟೆ ಹೊರೆಯುವವರೇ ಅಲ್ಲ. ಮನೆಯ ಅನ್ನ ಬರುತ್ತಿದ್ದದ್ದು ಇಟ್ಟಿಗೆಯಿಂದ. ಚಿಕ್ಕಂದಿನಲ್ಲಿ ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರೂಸಿಗೆ ಅಪ್ಪನ ಹೆಗಲೇರಿ ಹೋದಾಗ ಈ ವಾದ್ಯದ ದನಿ ಕಿವಿಗೆ ಬಿತ್ತಂತೆ. ಮುಂದೆ ಕೋಲಾರದ ಬ್ಯಾಂಡೊಂದರ ಮುದುಕರೊಬ್ಬರ ಹಿಂದೆ ಎರಡು ವರ್ಷ ಸುತ್ತಿ ಊದಲು ಕಲಿತರು. ಈಗ ಯಾವುದಾದರೂ ಬ್ಯಾಂಡಿಗೆ ದಪ್ಪ ದನಿಯವರು ಕಡಿಮೆ ಬಿದ್ದಾಗ ಕರೆ ಬರುತ್ತದೆ. ಶ್ರೀನಿವಾಸಪುರದಲ್ಲಿ ಹೂವಿನ ಪಲ್ಲಕ್ಕಿ, ಮುಳಬಾಗಿಲಿನಲ್ಲಿ ಮದುವೆ, ಕೋಲಾರದಲ್ಲಿ ಶಾಲಾ ಮೆರವಣಿಗೆ. ಸಿಕ್ಕ ದುಡ್ಡು ಬಸ್ ಚಾರ್ಜಿಗೆ, ವಾದ್ಯದ ರಿಪೇರಿಗೆ ಸರಿಹೋಗುತ್ತದೆ.

"ಇದು ಹೊಟ್ಟೆಪಾಡಲ್ಲ ಹಜ್ರತ್, ಹುಚ್ಚು" ಅಂದರು.

ಅನ್ನದ ಬರ್ಕತ್ತಿನ ಬಗ್ಗೆ ಮಗನ ಮುಂದೆ ತೀರ್ಪು ಕೊಟ್ಟ ನಾನು, ಆ ಅನ್ನ ಎಲ್ಲಿಂದ ಬರುತ್ತದೆ ಎಂದು ಒಂದು ಮಾತು ಕೇಳಿರಲಿಲ್ಲ.

ಯಾರೂ ಕೇಳದ ದನಿ

ಮೆರವಣಿಗೆಯ ಬ್ಯಾಂಡ್ ನಾವೆಲ್ಲ ಕೇಳಿದ್ದೇವೆ. ಕರಾವಳಿಯಲ್ಲಿ ಕ್ರೈಸ್ತ ಸಹೋದರರ ಮದುವೆಗೆ, ಚರ್ಚಿನ ಹಬ್ಬಕ್ಕೆ ಬ್ರಾಸ್ ಬ್ಯಾಂಡ್ ಬರುತ್ತದೆ. ಆದರೆ ಕೇಳಿದ್ದೇನು ಎಂದು ಯಾರಾದರೂ ಕೇಳಿದರೆ ಟ್ರಂಪೆಟ್ಟಿನ ಚೂಪು ದನಿ, ಡ್ರಮ್ಮಿನ ಪೆಟ್ಟು ಅನ್ನುತ್ತೇವೆ. ಇವೆರಡರ ನಡುವೆ ಕೆಳಗೆ ಒಂದು ದಪ್ಪ ದನಿ ಇರುತ್ತದೆ. ಅದು ನಿಂತಾಗ ಮಾತ್ರ ಅದು ಇತ್ತೆಂದು ಗೊತ್ತಾಗುವುದು.

ಲೆಕ್ಕ ಸರಳ. ಕೊಳವೆ ಉದ್ದವಾದಷ್ಟೂ ದನಿ ತಗ್ಗುತ್ತದೆ. ಸಾಮಾನ್ಯ ಟ್ರಂಪೆಟ್ಟಿನ ಸುರುಳಿ ಬಿಚ್ಚಿದರೆ ಸುಮಾರು ನಾಲ್ಕೂವರೆ ಅಡಿ. ಯೂಫೋನಿಯಂ, ಟ್ರೊಂಬೋನ್ ಸುಮಾರು 9 ಅಡಿ. ಅಂದರೆ ದುಪ್ಪಟ್ಟು, ಹಾಗಾಗಿ ದನಿ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದೊಡ್ಡ ಟ್ಯೂಬಾ ಬಿಚ್ಚಿದರೆ 18 ಅಡಿ, ಇನ್ನೊಂದು ಸ್ಥಾಯಿ ಕೆಳಗೆ. ಹೆಗಲ ಮೇಲೆ ಹಾವಿನಂತೆ ಸುತ್ತಿ, ತಲೆಯ ಮೇಲೆ ಅಗಲ ಬಾಯಿ ತೆರೆಯುವ ವಾದ್ಯ ನೋಡಿರಬಹುದು. ಅದು ಸೂಸಾಫೋನ್. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಅವರ ಸಲಹೆಯಂತೆ 1890ರ ದಶಕದಲ್ಲಿ ಮಾಡಿದ್ದು. ಹಿತ್ತಾಳೆಯದ್ದಾದರೆ 10 ಕಿಲೋಗೂ ಮೀರಿ ತೂಗುತ್ತದೆ. ಬಿಸಿಲಲ್ಲಿ ಎರಡು ಗಂಟೆ ಅದನ್ನು ಹೊತ್ತು ನಡೆಯುವವನ ಹೆಗಲನ್ನು ಒಮ್ಮೆ ಯೋಚಿಸಿ.

ಕೊಳವೆಯ ಉದ್ದ ಒಂದೇ ಆದರೆ ಕೆಲವೇ ಸ್ವರ ಬರುತ್ತದೆ. ಅದಕ್ಕೆ ವಾಲ್ವ್‌ಗಳು ಇರುವುದು. ಬೆರಳಿಂದ ಒತ್ತಿದಾಗ ಗಾಳಿ ಒಂದು ಹೆಚ್ಚಿನ ಸುತ್ತು ಹಾಕಿ ಬರುತ್ತದೆ, ಉದ್ದ ಹೆಚ್ಚುತ್ತದೆ, ಸ್ವರ ಇಳಿಯುತ್ತದೆ. ಎರಡನೇ ವಾಲ್ವ್ ಒತ್ತಿದರೆ ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಕೆಳಗೆ. ಈ ಮೂರನ್ನು ಬೇರೆಬೇರೆ ರೀತಿ ಕೂಡಿಸಿ ಒತ್ತಿದರೆ, ತುಟಿ ಬಿಗಿ ಸಡಿಲ ಮಾಡಿದರೆ ಹಾಡು ಪೂರ್ತಿ ಬರುತ್ತದೆ. ಟ್ರೊಂಬೋನಿನಲ್ಲಿ ಸಾಮಾನ್ಯವಾಗಿ ವಾಲ್ವ್ ಇರುವುದಿಲ್ಲ. ಕೊಳವೆಯನ್ನೇ ಮುಂದೆ ಹಿಂದೆ ಎಳೆಯುತ್ತಾರೆ.

ನಮ್ಮ ಕಡೆಯವರಿಗೆ ಸ್ಯಾಕ್ಸೊಫೋನ್ ಚೆನ್ನಾಗಿ ಗೊತ್ತು. ಬಂಟ್ವಾಳದ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಅದನ್ನು ಕೇಳಿ ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ ಲೋಕಕ್ಕೆಲ್ಲ ಹೆಸರಾದರು. ಆದರೆ ಸ್ಯಾಕ್ಸೊಫೋನ್ ಮೈಯೆಲ್ಲ ಹಿತ್ತಾಳೆಯಾದರೂ ಈ ಸಾಲಿಗೆ ಸೇರುವುದಿಲ್ಲ. ಅದರಲ್ಲಿ ದನಿ ಹುಟ್ಟುವುದು ಬೆತ್ತದಂಥ ಒಂದು ತೆಳು ಸೀಳಿನಿಂದ. ಯೂಫೋನಿಯಂ, ಟ್ಯೂಬಾ, ಟ್ರೊಂಬೋನ್‌ಗಳಲ್ಲಿ ನಡುಗುವುದು ಊದುವವನ ಸ್ವಂತ ತುಟಿ. ವಾದ್ಯ ಆ ನಡುಕವನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಆ ಸಂಜೆ ಅವರು ನನಗಾಗಿ ಒಂದೇ ಒಂದು ಸ್ವರ ಊದಿ ತೋರಿಸಿದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಗಟ್ಟಿಯಾಗಿ ಊದಲಿಲ್ಲ, ಮೆಲ್ಲಗೆ, ಉದ್ದಕ್ಕೆ. ಕಿವಿಗಿಂತ ಮೊದಲು ಎದೆಗೆ ತಾಗಿತು. ಚಾಪೆಯ ಮೇಲಿದ್ದ ಸ್ಟೀಲ್ ಲೋಟ ಸಣ್ಣಗೆ ಗುಂಯ್ ಅಂದಿತು. 'ಯೂಫೋನಿಯಂ' ಅನ್ನುವ ಹೆಸರು ಗ್ರೀಕ್ ಭಾಷೆಯ 'ಇಂಪಾದ ದನಿ' ಅನ್ನುವುದರಿಂದ ಬಂದದ್ದು ಎಂದು ನನಗೆ ಆಮೇಲೆ ಗೊತ್ತಾಯಿತು.

"ಟ್ರಂಪೆಟ್‌ನವನು ತಪ್ಪಿದ್ರೆ ಜನಕ್ಕೆ ಗೊತ್ತಾಗುತ್ತೆ, ನಾನು ತಪ್ಪಿದ್ರೆ ಟ್ರಂಪೆಟ್‌ನವನಿಗೆ ಗೊತ್ತಾಗುತ್ತೆ" ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ನಮ್ಮ ದಫ್ ತಂಡದಲ್ಲೂ ಮುಂದೆ ಹಾಡುವವನ ಹೆಸರು ಎಲ್ಲರಿಗೂ ಗೊತ್ತು. ಹಿಂದೆ ನಿಂತು ತಾಳ ಬಿಡದೆ ಬಡಿಯುವವನನ್ನು ಯಾರು ಕೇಳುತ್ತಾರೆ?

ಇದು ನಮಗೆ ಹೊರಗಿನದೇ?

ಬ್ಯಾಂಡ್ ಅಂದರೆ ಬಿಳಿಯರು ತಂದದ್ದು ಅನ್ನುತ್ತೇವೆ. ಅರ್ಧ ನಿಜ. ತುರ್ಕಿಯ ಉಸ್ಮಾನಿಯಾ ಸುಲ್ತಾನರ ಸೈನ್ಯದ ಜೊತೆ 'ಮೆಹ್ತರ್' ಎಂಬ ವಾದ್ಯದ ತಂಡ ನಡೆಯುತ್ತಿತ್ತು. ಅವರ ದೊಡ್ಡ ನಗಾರಿ, ಜಾಗಟೆ ತಾಳಗಳ ಸದ್ದಿಗೆ ಬೆರಗಾದ ಯೂರೋಪಿನ ಸೈನ್ಯಗಳು 18ನೇ ಶತಮಾನದಲ್ಲಿ ಅವನ್ನು ತಮ್ಮ ಬ್ಯಾಂಡುಗಳಿಗೆ ಸೇರಿಸಿಕೊಂಡವು. 19ನೇ ಶತಮಾನದ ಮೊದಲಿಗೆ ಜರ್ಮನಿಯಲ್ಲಿ ವಾಲ್ವ್ ಬಂತು, 1835ರಲ್ಲಿ ಬರ್ಲಿನ್ನಿನಲ್ಲಿ ಟ್ಯೂಬಾ ಬಂತು. ಆ ಬ್ಯಾಂಡು ಬ್ರಿಟಿಷ್ ಪಲ್ಟನ್‌ಗಳ ಜೊತೆ ಭಾರತಕ್ಕೆ ಬಂತು. ಪಲ್ಟನ್‌ನಿಂದ ರಾಜರ ಅರಮನೆಗೆ, ಅಲ್ಲಿಂದ ಮದುವೆ ಮನೆಗೆ ಇಳಿಯಿತು. ಮೈಸೂರು ಅರಮನೆಯ ಬ್ಯಾಂಡಿನ ಪರಂಪರೆಯನ್ನು ಇವತ್ತಿಗೂ ಪೊಲೀಸ್ ಬ್ಯಾಂಡಿನವರು ದಸರೆಯಲ್ಲಿ ಮುಂದುವರಿಸಿಕೊಂಡು ಬಂದಿದ್ದಾರೆ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ದೇಶದ ಮದುವೆ ಬ್ಯಾಂಡುಗಳಿಗೆ ಹಿತ್ತಾಳೆ ವಾದ್ಯ ಮಾಡಿಕೊಡುವ ಊರು ಉತ್ತರ ಪ್ರದೇಶದ ಮೀರತ್. 1857ರ ದಂಗೆ ಶುರುವಾದ ಅದೇ ಮೀರತ್. ಅಲ್ಲಿನ ಜಾಲಿ ಕೋಠಿ ಎಂಬ ಬೀದಿ ತುಂಬ ವಾದ್ಯದ ಅಂಗಡಿ, ಕಾರ್ಖಾನೆಗಳು. ಬ್ರಿಟಿಷ್ ಸೈನ್ಯದಲ್ಲಿ ಬ್ಯಾಂಡ್ ನಾಯಕರಾಗಿದ್ದ ನಾದಿರ್ ಅಲಿ ಎಂಬವರು 1885ರಲ್ಲಿ ಶುರುಮಾಡಿದ ಕಂಪೆನಿ ಅಲ್ಲಿ ಹೆಸರುವಾಸಿ. ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ, ಬಡಿದು ಕಹಳೆಯ ಬಾಯಿ ಅರಳಿಸುವ ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರು ಮುಸ್ಲಿಮರು. ಮಾಲೂರಿನ ಆ ಮನೆಯ ಮೂಲೆಯಲ್ಲಿದ್ದ ಯೂಫೋನಿಯಂ ಕೂಡ ಮೀರತ್ತಿನದೇ. ಮೂರು ಕೈ ದಾಟಿ ಇವರ ಕೈಗೆ ಬಂದಿತ್ತು.

ಹಳೇ ವಾದ್ಯ ಕೊಳ್ಳುವವನಿಗೆ

ಹವ್ಯಾಸಕ್ಕೆ ಊದುವವನಿಗೆ ಹೊಸ ವಾದ್ಯ ಕೊಳ್ಳಲು ಎಲ್ಲಿ ಸಾಧ್ಯ? ಸೆಕೆಂಡ್ ಹ್ಯಾಂಡೇ ಗತಿ. ನೋಡಿ ಕೊಳ್ಳದಿದ್ದರೆ ಕೊಂಡದ್ದಕ್ಕಿಂತ ರಿಪೇರಿಯೇ ಜಾಸ್ತಿಯಾಗುತ್ತದೆ. ಮಗ ಶಾಲೆಯ ಬ್ಯಾಂಡಿಗೋ ಎನ್‌ಸಿಸಿ ಬ್ಯಾಂಡಿಗೋ ಸೇರಿದ್ದಾನೆ, ಇಂಥದ್ದು ಬೇಕು ಅನ್ನುತ್ತಿದ್ದಾನೆ ಎಂದು ನಮ್ಮ ಮನೆಗಳಲ್ಲೂ ಒಬ್ಬಿಬ್ಬರು ನನ್ನನ್ನು ಕೇಳಿದ್ದುಂಟು. ಅವರು ಹೇಳಿಕೊಟ್ಟದ್ದನ್ನು ಹಾಗೆಯೇ ಬರೆಯುತ್ತೇನೆ.

ಮೊದಲು ವಾಲ್ವ್ ನೋಡಬೇಕು. ಒತ್ತಿ ಬಿಟ್ಟರೆ ತಾನಾಗಿ ಮೇಲೆ ಬರಬೇಕು, ಸಿಕ್ಕಿಕೊಳ್ಳಬಾರದು. ಒಂದೊಂದು ವಾಲ್ವಿಗೂ ಹೊಂದಿಕೊಂಡಿರುವ ಸಣ್ಣ ಎಳೆಯುವ ಕೊಳವೆ ಇದೆ. ವಾಲ್ವ್ ಒತ್ತದೆ ಅದನ್ನು ಸ್ವಲ್ಪ ಹೊರಗೆ ಎಳೆದು, ಆಮೇಲೆ ವಾಲ್ವ್ ಒತ್ತಿದರೆ 'ಪಟ್' ಎಂದು ಸದ್ದು ಬರಬೇಕು. ಬಂದರೆ ಒಳಗೆ ಗಾಳಿ ಸೋರುತ್ತಿಲ್ಲ. ಸೋರುವ ವಾಲ್ವನ್ನು ಸರಿಮಾಡುವುದು ಕಷ್ಟ, ಖರ್ಚಿನ ಕೆಲಸ.

ಎರಡನೆಯದು ನೆಗ್ಗು. ಅಗಲ ಬಾಯಿಯಲ್ಲಿ ಒಂದೆರಡು ನೆಗ್ಗಿದ್ದರೆ ನೋಡಲು ಚೆಂದವಿಲ್ಲ, ದನಿಗೆ ಅಂಥ ತೊಂದರೆ ಇಲ್ಲ. ಆದರೆ ಬಾಯಿ ಇಡುವ ಕಡೆಯ ಸಣ್ಣ ಕೊಳವೆಯಲ್ಲೋ ವಾಲ್ವಿನ ಹತ್ತಿರವೋ ನೆಗ್ಗಿದ್ದರೆ ಬೇಡ.

ಮೂರನೆಯದು ಬಣ್ಣ. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ್ದು. ಒಳಗಿನ ತೇವ ವರ್ಷಗಟ್ಟಲೆ ನಿಂತರೆ ಸತು ಕರಗಿ ಹೋಗಿ ಅಲ್ಲಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಅದು ಹೊರಗಿನ ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಅಲ್ಲಿ ತಗಡು ಟೊಳ್ಳಾಗಿದೆ, ಇನ್ನು ಸ್ವಲ್ಪ ದಿನಕ್ಕೆ ತೂತು ಬೀಳುತ್ತದೆ ಎಂದೇ ಅರ್ಥ.

ನಾಲ್ಕನೆಯದು ಮೌತ್‌ಪೀಸ್. ಯೂಫೋನಿಯಮ್ಮಿಗೆ ಮೌತ್‌ಪೀಸಿನ ಬಾಲ ಮೂರು ಅಳತೆಯಲ್ಲಿ ಬರುತ್ತದೆ, ಸಣ್ಣದು, ನಡುವಿನದು, ದೊಡ್ಡದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕೂತರೂ ಅಲ್ಲಾಡುತ್ತದೆ. ವಾದ್ಯ ನೋಡಲು ಹೋಗುವಾಗ ತನ್ನ ಮೌತ್‌ಪೀಸ್ ಕಿಸೆಯಲ್ಲಿ ಇಟ್ಟುಕೊಂಡು ಹೋಗಬೇಕು.

ಐದನೆಯದು ಶ್ರುತಿ. ಬ್ರಿಟಿಷರ ಕಾಲದ ಇಂಗ್ಲೆಂಡಿನ ವಾದ್ಯ ಅಂದರೆ ಎಲ್ಲರಿಗೂ ಆಸೆ. ಆದರೆ ಅಲ್ಲಿಯ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಈಗಿನದ್ದಕ್ಕಿಂತ ಏರು ಶ್ರುತಿ ಇಟ್ಟುಕೊಂಡಿದ್ದವು. ಅಂಥ ವಾದ್ಯ ಇವತ್ತಿನ ಕೀಬೋರ್ಡಿನ ಜೊತೆ, ಬೇರೆ ವಾದ್ಯಗಳ ಜೊತೆ ಕೂಡುವುದಿಲ್ಲ. ಕೊಳವೆ ಎಷ್ಟು ಎಳೆದರೂ ಸ್ವಲ್ಪ ಏರಿಯೇ ಇರುತ್ತದೆ.

ಕೊಂಡ ಮೇಲೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಊದಿ ಮುಗಿದ ಕೂಡಲೇ ಕೆಳಗಿನ ಕೀಲಿ ಒತ್ತಿ ನೀರು ಬಿಡಬೇಕು. ಜನ ಅದನ್ನು ಉಗುಳು ಎಂದು ಅಸಹ್ಯ ಪಡುತ್ತಾರೆ. ಹೆಚ್ಚಿನ ಪಾಲು ಅದು ಉಸಿರಿನ ಆವಿ ತಣಿದು ಆದ ನೀರು, ಅಷ್ಟೆ. ಮೌತ್‌ಪೀಸನ್ನು ಸೋಪು ನೀರಲ್ಲಿ ತೊಳೆಯಬೇಕು, ಒಬ್ಬರದ್ದು ಒಬ್ಬರು ಇಡಬಾರದು. ಅದು ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಗಿಸಬಾರದು, ಕೊಳವೆಯೇ ತಿರುಚಿ ಹೋಗುತ್ತದೆ. ಹೊರ ಮೈ ಹೊಳೆಯಲಿ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕುವವರಿದ್ದಾರೆ. ಒಳಗೆ ಹೋಗದಂತೆ ನೋಡಿಕೊಂಡು, ಹುಳಿ ಉಳಿಯದಂತೆ ತೊಳೆಯಬೇಕು. ಒಳಗೆ ತೊಳೆಯಲು ಉಗುರುಬೆಚ್ಚನೆ ನೀರು ಸಾಕು, ಕುದಿನೀರು ಬೇಡ. ಎಳೆಯುವ ಕೊಳವೆಗಳಿಗೆ ತುಸು ವ್ಯಾಸಲೀನ್ ಸವರಿದರೆ ಹಿಡಿದುಕೊಳ್ಳುವುದಿಲ್ಲ.

ವಾಲ್ವಿಗೆ ಯಾವ ಎಣ್ಣೆ ಎಂದು ಕೇಳಿದೆ. ತೆಂಗಿನೆಣ್ಣೆ ಆಗಲಿಕ್ಕಿಲ್ಲವೇ ಅಂದೆ. ಅವರು ನಕ್ಕುಬಿಟ್ಟರು. "ನಿಮ್ಮ ಮಂಗಳೂರಲ್ಲಿ ನಡೀಬಹುದು ಹಜ್ರತ್. ಇಲ್ಲಿ ಡಿಸೆಂಬರ್‌ನಲ್ಲಿ ಬೆಳಿಗ್ಗೆ ನೋಡಿ, ತುಪ್ಪದ ಹಾಗೆ ಗಟ್ಟಿ ಆಗಿರುತ್ತೆ. ವಾಲ್ವ್ ಇಳಿಯೋದೇ ಇಲ್ಲ." ಸುಮಾರು 24 ಡಿಗ್ರಿಗಿಂತ ತಂಪಾದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ಕರಾವಳಿಯ ಸೆಕೆಯಲ್ಲಿ ಬೆಳೆದ ನನಗೆ ಹೊಳೆದಿರಲಿಲ್ಲ. ನಮ್ಮಲ್ಲೂ ನಡೆಯದು ಎಂದು ಈಗ ಗೊತ್ತು, ಅದು ಅಂಟಾಗುತ್ತದೆ. ವಾಲ್ವಿಗೆಂದೇ ಬರುವ ತೆಳ್ಳನೆಯ ಎಣ್ಣೆಯನ್ನೇ ಹಾಕಬೇಕು, ಅದೂ ಕೆಲವೇ ಹನಿ.

ಉಸಿರಿನ ಕೆಲಸ

ದೊಡ್ಡ ವಾದ್ಯ ಊದಲು ದೊಡ್ಡ ದೇಹ ಬೇಕು ಎಂದು ನಾನು ತಿಳಿದಿದ್ದೆ. ಅವರು ಸಪೂರ ಮನುಷ್ಯ. ಬೇಕಾದದ್ದು ಕೆನ್ನೆಯ ಬಲವಲ್ಲ, ಹೊಟ್ಟೆಯವರೆಗೆ ಎಳೆದುಕೊಂಡ ಉಸಿರು ಎಂದು ತೋರಿಸಿದರು. ಕೆಳಗಿನ ಸ್ವರಕ್ಕೆ ಗಾಳಿ ಹೆಚ್ಚು ಬೇಕು, ತುಟಿ ಸಡಿಲ ಇರಬೇಕು. ಕಲಿಯುವವರು ಇದರ ತಿರುಗುಮುರುಗು ಮಾಡುತ್ತಾರೆ, ತುಟಿಗೆ ವಾದ್ಯವನ್ನು ಒತ್ತಿ ಒತ್ತಿ ಊದುತ್ತಾರೆ. ಸ್ವಲ್ಪ ಹೊತ್ತಿಗೆ ತುಟಿ ಸೋತು ಹೋಗುತ್ತದೆ.

ಅವರ ಅಭ್ಯಾಸ ದಿನಕ್ಕೆ ಅರ್ಧ ಗಂಟೆ. ಮೊದಲು ಬರೀ ತುಟಿ ನಡುಗಿಸುವುದು. ಆಮೇಲೆ ನಾಲ್ಕು ಎಣಿಸುವಷ್ಟು ಉಸಿರು ಎಳೆದು ಎಂಟು ಎಣಿಸುವಷ್ಟು ಒಂದೇ ಸ್ವರ, ಅಲುಗದಂತೆ, ಮೆಲ್ಲಗೆ. ಊದಿದಷ್ಟೇ ಹೊತ್ತು ವಿಶ್ರಾಂತಿ. ಆಮೇಲೆಯೇ ಹಾಡು. ಅಕ್ಕಪಕ್ಕದ ಮನೆಯವರಿಗೆ ತೊಂದರೆ ಆಗಬಾರದೆಂದು ಇಟ್ಟಿಗೆ ಗೂಡಿನ ಆಚೆ ಬಯಲಿಗೆ ಹೋಗುತ್ತಾರೆ. ಅಝಾನ್ ಕೇಳುವ ಮೊದಲೇ ಮುಗಿಸಿ ಬರುತ್ತಾರೆ. ರಮಝಾನ್ ಪೂರ್ತಿ ಮುಟ್ಟುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಕರೆ ಇರುವುದಿಲ್ಲ, ಆಗಲೇ ವಾದ್ಯ ಬಿಚ್ಚಿ ತೊಳೆಯುವ ಕಾಲ.

ಅವರಿಗೆ ಇದ್ದ ಹೆದರಿಕೆ ಎರಡು. ಒಂದು ಹಲ್ಲು. ಮುಂದಿನ ಹಲ್ಲು ಹೋದರೆ ತುಟಿಗೆ ಆಸರೆ ತಪ್ಪುತ್ತದೆ, ಮೊದಲಿನ ಹಾಗೆ ಊದಲು ಆಗುವುದಿಲ್ಲ. ಇನ್ನೊಂದು ಡಿಜೆ. ಒಂದು ಗಾಡಿ, ನಾಲ್ಕು ದೊಡ್ಡ ಬಾಕ್ಸ್, ಒಬ್ಬ ಹುಡುಗ ಇದ್ದರೆ ಹದಿನೈದು ಜನರ ಬ್ಯಾಂಡಿನ ಕೆಲಸ ಮುಗಿಯಿತು. "ಆ ಬಾಕ್ಸಿಗೆ ಸುಸ್ತಾಗಲ್ಲ ಹಜ್ರತ್, ಬಾಯಾರಿಕೆ ಆಗಲ್ಲ" ಅಂದರು.

ಮಸ್‌ಅಲ ಕೇಳುವ ಹೊತ್ತು

ಇಷ್ಟೆಲ್ಲ ಬರೆದ ಮೇಲೆ ಓದುಗರಿಗೆ ಒಂದು ಪ್ರಶ್ನೆ ಬರುತ್ತದೆ. ಹಾಗಾದರೆ ಉಸ್ತಾದ್ ಈಗ ವಾದ್ಯ ಹಲಾಲ್ ಅನ್ನುತ್ತಿದ್ದಾರೆಯೇ? ಇಲ್ಲ. ನಮ್ಮ ಮದ್‌ಹಬಿನ ಹೆಚ್ಚಿನ ಆಲಿಮರು ಊದುವ ವಾದ್ಯಕ್ಕೆ ಅನುಮತಿ ಕೊಟ್ಟಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಸ್ಪೇನಿನ ಇಬ್ನ್ ಹಝ್ಮ್ ಅವರಂಥ ದೊಡ್ಡ ವಿದ್ವಾಂಸರು ಬೇರೆ ಅಭಿಪ್ರಾಯ ಇಟ್ಟುಕೊಂಡಿದ್ದರು ಎಂಬುದೂ ಸತ್ಯ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಸಂಗೀತ ಕೇಳುವ ವಿಷಯಕ್ಕೇ ಒಂದು ಭಾಗ ಮೀಸಲಿಟ್ಟು ಯಾವುದು ಸರಿ, ಯಾವುದು ಅಲ್ಲ ಎಂದು ತೂಗಿ ನೋಡಿದ್ದಾರೆ. ಫತ್ವಾ ಕೊಡುವ ಯೋಗ್ಯತೆ ನನ್ನದಲ್ಲ. ತಮ್ಮ ಮನೆಯ ಮಗನ ವಿಷಯ ಇದ್ದರೆ ತಮ್ಮ ಆಲಿಮರ ಹತ್ತಿರ ಹೋಗಿ ಕೇಳಬೇಕು.

ಆದರೆ ಆ ಸಂಜೆ ಅವರು ಹೇಳಿದ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

"ಮದುವೆಗೆ ನಮ್ಮನ್ನು ಕರೆಯುವಾಗ ಯಾರೂ ಮಸ್‌ಅಲ ಕೇಳಲ್ಲ ಹಜ್ರತ್. ಹೆಣ್ಣು ಕೇಳೋಕೆ ಹೋದಾಗ ಕೇಳ್ತಾರೆ."

ಅವರ ತಂಗಿಯ ಸಂಬಂಧ ಒಂದು ಇದೇ ಕಾರಣಕ್ಕೆ ಮುರಿದಿತ್ತಂತೆ. ಮುರಿದವರ ಮನೆಯ ಮದುವೆಯಲ್ಲಿ ಆಮೇಲೆ ಬ್ಯಾಂಡ್ ಇತ್ತು. ಬೇರೆ ಊರಿನದು.

ನಮ್ಮ ಬ್ಯಾರಿ ಮದುವೆಗಳಲ್ಲಿ ಬ್ಯಾಂಡ್ ಕಡಿಮೆ. ಹಾಗೆಂದು ನಾವು ಹೊರಗೆ ನಿಂತು ನೋಡುವವರೇನೂ ಅಲ್ಲ. ದಫ್ ತಂಡವನ್ನು ಕರೆಸುತ್ತೇವೆ, ಅವರ ಜೊತೆ ಫೋಟೋ ತೆಗೆಯುತ್ತೇವೆ, ಆಮೇಲೆ ಊಟದ ಹಾಲಿನಲ್ಲಿ ಕೊನೆಯ ಟ್ರಿಪ್ಪಿಗೆ ಕೂರಿಸುತ್ತೇವೆ. ಅಡುಗೆಯವರು, ಬಡಿಸುವ ಹುಡುಗರು, ಶಾಮಿಯಾನ ಕಟ್ಟುವವರು, ಎಲ್ಲರ ಗತಿಯೂ ಇದೇ. ಲೆಕ್ಕ ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ಅಲೆದಾಡಿಸುವುದೂ ಉಂಟು. ಕೂಲಿಯವನ ಕೂಲಿ ತಡಮಾಡಬಾರದು ಎಂದು ಪ್ರವಾದಿ (ಸ) ಕಲಿಸಿದ್ದನ್ನು ನಾವು ಜುಮಾದಲ್ಲಿ ಕೇಳುತ್ತೇವೆ, ಮದುವೆ ಹಾಲಿನಲ್ಲಿ ಮರೆಯುತ್ತೇವೆ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಕರೆಯುವುದು ಬೇಡ ಎಂದಿದ್ದರೆ ಕರೆಯಬೇಡಿ, ಅದು ಸರಿಯಾದ ನಿಲುವು. ಆದರೆ ಕರೆದವರನ್ನು ಕೀಳಾಗಿ ಕಾಣಬೇಡಿ. ಒಪ್ಪಿದ ದುಡ್ಡನ್ನು ಅದೇ ದಿನ, ಅವರು ಹೊರಡುವ ಮೊದಲು ಕೈಗೆ ಕೊಡಿ. ನೆಂಟರ ಜೊತೆ ಕೂರಿಸಿ ಊಟ ಹಾಕಿ. ಭಾರ ಹೊತ್ತು ಬಿಸಿಲಲ್ಲಿ ನಿಂತವನಿಗೆ ಒಂದು ಲೋಟ ನೀರು, ಒಂದು ಕುರ್ಚಿ ಕೊಡಿ. ಅವರ ಮನೆಯಿಂದ ಸಂಬಂಧ ಬಂದರೆ ದೀನ್ ನೋಡಿ, ಗುಣ ನೋಡಿ. ನಾವೇ ಕೂಲಿ ಕೊಟ್ಟು ಮಾಡಿಸಿದ ಕೆಲಸವನ್ನು ಅವರ ಮೇಲೆ ಕಳಂಕವಾಗಿ ಹೊರಿಸಬೇಡಿ.

ನನ್ನಂಥ ಉಸ್ತಾದರಿಗೂ ಒಂದು ಮಾತು. ಮಸ್‌ಅಲ ಹೇಳುವಾಗ ಎದುರಿಗೆ ಕೂತ ಮಗುವಿನ ಮನೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ ಎಂದು ನಮಗೆ ಗೊತ್ತಿರುವುದಿಲ್ಲ. ಇವತ್ತು ಬಡ್ಡಿಯ ವಿಷಯ ಹೇಳಿದರೆ ಒಬ್ಬನ ಅಪ್ಪ ಬ್ಯಾಂಕಿನಲ್ಲಿರುತ್ತಾನೆ. ನಾಳೆ ಇನ್ನೊಂದು ಹೇಳಿದರೆ ಇನ್ನೊಬ್ಬನ ಅಣ್ಣ. ಹುಕುಂ ಹೇಳಬೇಕು, ಬಿಡಬಾರದು. ಆದರೆ ಮಗುವಿನ ಅಪ್ಪನನ್ನು ಮಗುವಿನ ಮುಂದೆ ಸಣ್ಣವನನ್ನಾಗಿ ಮಾಡಬಾರದು. ಹಾಗೆ ಮಾಡಿದರೆ ಮಗು ಅಪ್ಪನನ್ನು ಬಿಡುವುದಿಲ್ಲ, ಮದ್ರಸ ಬಿಡುತ್ತದೆ. ಅದು ನನ್ನ ಕಣ್ಣೆದುರೇ ಆಯಿತು.

ಮಗ್ರಿಬ್ ಹೊತ್ತಿಗೆ ನಾನು ಎದ್ದೆ. "ಮಗನನ್ನು ಕಳಿಸಿ ಭಾಯಿ, ತಪ್ಪು ನನ್ನದು" ಅಂದೆ. ಅವರು ಏನೂ ಹೇಳಲಿಲ್ಲ. ಬೆಡ್‌ಶೀಟನ್ನು ಮತ್ತೆ ಯೂಫೋನಿಯಮ್ಮಿಗೆ ಹೊದಿಸಿದರು. ಇಬ್ಬರೂ ಜೊತೆಯಲ್ಲೇ ಮಸೀದಿಗೆ ನಡೆದೆವು. ಒಂದೇ ಸಾಲಿನಲ್ಲಿ ನಿಂತೆವು.

ಎರಡು ದಿನದ ಮೇಲೆ ಹುಡುಗ ಬಂದ. ಹಿಂದಿನ ಸಾಲಿನಲ್ಲಿ ಕೂತ. ನಾನು ಅದೇ ಮಕ್ಕಳ ಮುಂದೆ, ಮೊನ್ನೆ ನಾನು ಇವನ ಅಬ್ಬಾನ ಅನ್ನದ ಬಗ್ಗೆ ಆಡಿದ ಮಾತು ತಪ್ಪು, ವಿಚಾರಿಸದೆ ಆಡಿದ್ದು, ಅಲ್ಲಾಹು ನನ್ನನ್ನು ಕ್ಷಮಿಸಲಿ ಎಂದು ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಹುಡುಗ ತಲೆ ಎತ್ತಲಿಲ್ಲ, ಕಿತಾಬು ನೋಡುತ್ತಾ ಕೂತಿದ್ದ. ಪಾಠ ಮುಗಿದು ಎಲ್ಲರೂ ಓಡಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಹಜ್ರತ್, ಅಬ್ಬಾ ಊದಿದ್ದು ನೀವು ಕೇಳಿದ್ರಾ?"

"ಕೇಳಿದೆ ಮಗಾ" ಅಂದೆ.

"ಚೆನ್ನಾಗಿತ್ತಾ?"

ಆ ಪ್ರಶ್ನೆಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.